ಕಾಗೆ ಬಂಗಾರ ಮತ್ತು ನನ್ನ ವೀಕ್ಷಣಾ ಪಾಠ

ಈ ಸಲದ ವೀಕ್ಷಣಾ ಪಾಠದಲ್ಲಿ ನನಗೆ ಒಳ್ಳೆಯ ಅಂಕಗಳು ಬಂದವು. ಆ ಅಂಕಗಳು ಆ ಪಾಠಕ್ಕೆ ಸಲ್ಲಬೇಕಾದವಲ್ಲ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಇದು ನನ್ನೊಬ್ಬಳ ತಪ್ಪೊಪ್ಪಿಗೆಯಷ್ಟೇ ಆಗಿದ್ದರೆ ಪತ್ರಿಕೆಯ ಪುಟಗಳನ್ನು ಹಾಳುಮಾಡುತ್ತಿರಲಿಲ್ಲ. ನಮ್ಮಲ್ಲಿ ಬಹಳಷ್ಟು ಮಂದಿ ಹೀಗೆಯೇ ಪಾಠ ಮಾಡುತ್ತೇವೆ, ಹೀಗೆಯೇ ಅಂಕ ಪಡೆಯುತ್ತೇವೆ. ವೀಕ್ಷಣೆಯ ಕ್ರಮವೇ ಹೊಳಪನ್ನು ಅಳೆಯುವಂತಿದ್ದರೆ ನಾವು ಹೊಳಪನ್ನೇ ತಯಾರಿಸುತ್ತೇವೆ. ಈ ಮಾತು ನನಗೆ ಹೊಳೆದದ್ದು ಒಂದು ಕಲ್ಲಿನಿಂದ.

ಮೊದಲು ಪಾಠದ ವಿಷಯ. ಒಂಬತ್ತನೆಯ ತರಗತಿ, ಎ ವಿಭಾಗ. ಮಿಶ್ರಣ ಮತ್ತು ಸಂಯುಕ್ತಗಳ ನಡುವಣ ವ್ಯತ್ಯಾಸ. ಪಠ್ಯಪುಸ್ತಕದ ಚಟುವಟಿಕೆ ನಿಮಗೆಲ್ಲ ಗೊತ್ತಿರುವುದೇ: 5 ಗ್ರಾಂ ಕಬ್ಬಿಣದ ಪುಡಿ, 3 ಗ್ರಾಂ ಗಂಧಕ. ಒಂದು ಗುಂಪು ಎರಡನ್ನೂ ಬರಿದೇ ಬೆರೆಸುತ್ತದೆ. ಇನ್ನೊಂದು ಗುಂಪು ಬೆರೆಸಿ ಕೆಂಪಗಾಗುವವರೆಗೆ ಕಾಯಿಸುತ್ತದೆ. ಮೊದಲನೆಯದಕ್ಕೆ ಅಯಸ್ಕಾಂತ ಹಿಡಿದರೆ ಕಬ್ಬಿಣ ಎದ್ದು ಬರುತ್ತದೆ. ಎರಡನೆಯದು ಕಪ್ಪು ಗಟ್ಟಿಯಾಗಿರುತ್ತದೆ, ಕಬ್ಬಿಣದ ಸಲ್ಫೈಡ್. ಅದು ಅಯಸ್ಕಾಂತಕ್ಕೆ ಅಂಟಬಾರದು. ಆದರೆ ಹಿಂದಿನ ದಿನ ಪ್ರಯೋಗಾಲಯದಲ್ಲಿ ಮಾಡಿ ನೋಡಿದಾಗ ಅಂಟಿತು. ಸ್ಪಿರಿಟ್ ದೀಪದ ಉರಿ ಸಾಲದೆ ಒಂದಷ್ಟು ಕಬ್ಬಿಣ ಗಂಧಕದೊಂದಿಗೆ ಸೇರದೆ ಹಾಗೆಯೇ ಉಳಿದಿತ್ತು. ಈ ಪ್ರಯೋಗ ಮಾಡಿದವರೆಲ್ಲ ಒಮ್ಮೆಯಾದರೂ ಈ ಪೇಚಿಗೆ ಸಿಕ್ಕಿರುತ್ತಾರೆ.

ನಾನೇನು ಮಾಡಿದೆ? ಗಟ್ಟಿಯನ್ನು ಒಡೆದು, ಚೂರು ಚೂರಿಗೂ ಅಯಸ್ಕಾಂತ ಹಿಡಿದು, ಅಂಟದ ನಾಲ್ಕು ಚೂರುಗಳನ್ನು ಆರಿಸಿ ಪೇಪರಿನಲ್ಲಿ ಕಟ್ಟಿಟ್ಟುಕೊಂಡೆ. ಉಳಿದದ್ದನ್ನು ಕಸದ ಡಬ್ಬಿಗೆ ಹಾಕಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಮಧ್ಯಾಹ್ನದ ಬಿಸಿಯೂಟದ ನಂತರ ಚುರುಕಾದ ಆರು ಮಕ್ಕಳನ್ನು ಕರೆದು, ನಾಳೆ ನಾನು ಯಾವ ಪ್ರಶ್ನೆ ಕೇಳುತ್ತೇನೆ, ಯಾರು ಯಾವುದಕ್ಕೆ ಕೈ ಎತ್ತಬೇಕು ಎಂದು ಹೇಳಿಕೊಟ್ಟೆ. "ಸಂಯುಕ್ತದ ಗುಣಗಳು ಅದರ ಘಟಕ ಧಾತುಗಳ ಗುಣಗಳಿಗಿಂತ ಸಂಪೂರ್ಣ ಭಿನ್ನವಾಗಿರುತ್ತವೆ" ಎಂಬ ವಾಕ್ಯವನ್ನು ಮೂರು ಸಲ ಹೇಳಿಸಿದೆ. ಮರುದಿನ ಆ ವಾಕ್ಯ ಗಂಟೆ ಬಾರಿಸಿದಂತೆ ಬಂತು. ಪೀಠಿಕೆಯಿಂದ ಗೃಹಪಾಠದವರೆಗೆ ಒಂದು ನಿಮಿಷವೂ ಆಚೀಚೆ ಆಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಸಹಪಾಠಿ ತನ್ನ ವೀಕ್ಷಣಾ ದಾಖಲೆಯಲ್ಲಿ "ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಅತ್ಯುತ್ತಮ" ಎಂದು ಬರೆದಳು. ಅವಳ ಪಾಠಕ್ಕೆ ನಾನೂ ಅದನ್ನೇ ಬರೆದಿದ್ದೆ.

ಇದಾಗಿ ಎರಡು ವಾರಗಳ ನಂತರ, ಶಾಲೆಯ ಪ್ರಯೋಗಾಲಯದ ಬೀರುವನ್ನು ಒಪ್ಪವಾಗಿಡುವ ಕೆಲಸ ನಮ್ಮ ತಂಡಕ್ಕೆ ಬಂತು. ಮೂಲೆಯಲ್ಲಿ ಧೂಳು ಹಿಡಿದ ಒಂದು ಮರದ ಪೆಟ್ಟಿಗೆ ಇತ್ತು; ಒಳಗೆ ಗೂಡು ಗೂಡಾಗಿ ಖನಿಜಗಳ ಮಾದರಿಗಳು. ಬೆಣಚು ಕಲ್ಲು, ಅಭ್ರಕ, ಹೆಮಟೈಟ್, ಮತ್ತೆ ಲಿಂಬೆಹಣ್ಣಿನ ಗಾತ್ರದ ಒಂದು ಪೈರೈಟ್. ಚೌಕ ಚೌಕವಾದ ಹರಳುಗಳು, ಹಿತ್ತಾಳೆಯ ಹಳದಿ, ಒರೆಸಿದರೆ ಕಣ್ಣು ಕುಕ್ಕುವ ಹೊಳಪು. ಇಂಗ್ಲಿಷಿನವರು ಇದನ್ನು ಮೂರ್ಖರ ಚಿನ್ನ ಎನ್ನುತ್ತಾರಂತೆ. ನಮ್ಮಲ್ಲಿ ಅಭ್ರಕಕ್ಕೆ ಕಾಗೆ ಬಂಗಾರ ಎಂಬ ಹೆಸರಿದೆ. ಮೋಸ ಹೋದವನನ್ನು ಬೈಯದೆ ಕಲ್ಲಿಗೇ ಹೆಸರಿಟ್ಟ ನಮ್ಮವರ ಮಾತು ನನಗೆ ಹೆಚ್ಚು ಇಷ್ಟ. ಆ ಎರಡನ್ನೂ ತೆಗೆದುಕೊಂಡು ಅದೇ ಎ ವಿಭಾಗಕ್ಕೆ ಹೋದೆ. ಅಂದು ವಿಜ್ಞಾನ ಶಿಕ್ಷಕರು ರಜೆ. ವೀಕ್ಷಕರಿಲ್ಲ, ಪಾಠ ಯೋಜನೆಯೂ ಇಲ್ಲ.

ನಾವಿದ್ದ ಅಭ್ಯಾಸ ಶಾಲೆ ರಾಯಚೂರು ಜಿಲ್ಲೆಯದು. ಹಟ್ಟಿ ಚಿನ್ನದ ಗಣಿಗೆ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳೂ ತರಗತಿಯಲ್ಲಿದ್ದಾರೆ. ಹಾಗಾಗಿ ಕಲ್ಲು ಕೈಯಿಂದ ಕೈಗೆ ಹೋಗುತ್ತಿದ್ದಂತೆ ಗದ್ದಲ ಶುರುವಾಯಿತು. "ಮೇಡಂ, ಇದು ಬಂಗಾರ ಏನ್ರಿ?" ಎಂದಳು ಒಬ್ಬಳು. ಉತ್ತರ ಹೇಳಲಿಲ್ಲ. ನೀವೇ ಕಂಡುಹಿಡಿಯಿರಿ ಎಂದೆ.

ಇಲ್ಲಿ ಸ್ವಲ್ಪ ನಿಂತು ಈ ಪರೀಕ್ಷೆಗಳ ಬಗ್ಗೆ ಹೇಳಬೇಕು. ಯಾರಾದರೂ ತಮ್ಮ ತರಗತಿಯಲ್ಲಿ ಮಾಡಬಹುದು, ಖರ್ಚಿಲ್ಲ. ಹೊಳಪು ಮತ್ತು ಬಣ್ಣ, ಇವೆರಡೂ ಖನಿಜವನ್ನು ಗುರುತಿಸಲು ಮೊದಲು ಕಾಣುವ ಗುಣಗಳು, ಮತ್ತು ಹೆಚ್ಚು ಮೋಸ ಮಾಡುವ ಗುಣಗಳು. ಅದಕ್ಕೇ ಭೂವಿಜ್ಞಾನದವರು ಖನಿಜವನ್ನು ಬಿಳಿ ಪಿಂಗಾಣಿಯ ಒರಟು ಬಿಲ್ಲೆಯ ಮೇಲೆ ಉಜ್ಜಿ, ಬೀಳುವ ಗೆರೆಯ ಬಣ್ಣವನ್ನು ನೋಡುತ್ತಾರೆ. ಆ ಬಿಲ್ಲೆ ಇಲ್ಲದಿದ್ದರೆ ಬಿಳಿ ಟೈಲ್ಸಿನ ಹೊಳಪಿಲ್ಲದ ಹಿಂಬದಿ ಸಾಕು. ಚಿನ್ನ ಹೊರಗೂ ಹಳದಿ, ಅದರ ಗೆರೆಯೂ ಹಳದಿ. ಪೈರೈಟ್ ಹೊರಗೆ ಹಳದಿ, ಗೆರೆ ಮಾತ್ರ ಹಸಿರು ಛಾಯೆಯ ಕಪ್ಪು. ಇನ್ನು ಗಡಸುತನ: ಮೋಸ್ ಮಾಪಕದಲ್ಲಿ ಚಿನ್ನ ಎರಡೂವರೆಯಿಂದ ಮೂರು, ಚಾಕು ತಾಗಿದರೆ ಗೀರು ಬೀಳುವಷ್ಟು ಮೆದು. ಪೈರೈಟ್ ಆರು, ಆರೂವರೆ. ಗಾಜನ್ನೇ ಗೀರುತ್ತದೆ, ಉಕ್ಕಿನಿಂದ ಹೊಡೆದರೆ ಕಿಡಿ ಹಾರಿಸುತ್ತದೆ. ಗ್ರೀಕ್ ಭಾಷೆಯಲ್ಲಿ ಬೆಂಕಿ ಎಂಬ ಮಾತಿನಿಂದಲೇ ಅದಕ್ಕೆ ಆ ಹೆಸರು ಬಂದದ್ದು. ಸುತ್ತಿಗೆಯ ಪೆಟ್ಟಿಗೆ ಪೈರೈಟ್ ಪುಡಿಯಾಗುತ್ತದೆ. ಚಿನ್ನ ಹರಡುತ್ತದೆ, ಒಂದು ಗ್ರಾಂ ಚಿನ್ನವನ್ನು ಸುಮಾರು ಒಂದು ಚದರ ಮೀಟರ್ ಅಗಲದ ರೇಕಾಗಿ ಬಡಿಯಬಹುದು. ಕೊನೆಗೆ ತೂಕ. ಚಿನ್ನ ಅಷ್ಟೇ ಗಾತ್ರದ ನೀರಿಗಿಂತ 19 ಪಟ್ಟಿಗೂ ಮೀರಿದ ಭಾರ, ಪೈರೈಟ್ ಸುಮಾರು ಐದು ಪಟ್ಟು. ಆ ಲಿಂಬೆಹಣ್ಣಿನ ಗಾತ್ರದ ಕಲ್ಲು ನಿಜಕ್ಕೂ ಚಿನ್ನವಾಗಿದ್ದರೆ ಮಕ್ಕಳು ಅದನ್ನು ಅಷ್ಟು ಸಲೀಸಾಗಿ ಒಂದೇ ಕೈಯಲ್ಲಿ ದಾಟಿಸುತ್ತಿರಲಿಲ್ಲ.

ಟೈಲ್ಸಿನ ಮೇಲೆ ಕಪ್ಪು ಗೆರೆ ಬಿದ್ದಾಗ "ಹೋ" ಎಂಬ ಕೂಗು ಎದ್ದಿತು. ಹಟ್ಟಿ ಕಡೆಯ ಹುಡುಗನೊಬ್ಬ ಎದ್ದು ನಿಂತು, "ನಮ್ಮಪ್ಪ ಹೇಳ್ತಾನ್ರಿ, ಗಣಿ ಕಲ್ಲಾಗ ಬಂಗಾರ ಕಣ್ಣಿಗೆ ಕಾಣಂಗಿಲ್ಲ. ಹೊಳಿಯೋದು ಬ್ಯಾರೇನ ಐತಿ" ಎಂದ. ನಿಜವೇ. ಅಲ್ಲಿ ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯಬೇಕು.

ಇಷ್ಟರವರೆಗೆ ಖುಷಿಯಾಗಿತ್ತು. ಆಮೇಲೆ ನಾನು ಕೇಳಿದ ಪ್ರಶ್ನೆ ನನಗೇ ತಿರುಗಿ ಬಿತ್ತು. "ಇದರಲ್ಲಿ ಇರುವುದು ಎರಡೇ ಧಾತು, ಕಬ್ಬಿಣ ಮತ್ತು ಗಂಧಕ. ಅಯಸ್ಕಾಂತ ಹಿಡಿದರೆ ಏನಾಗುತ್ತದೆ?" ಎಂದೆ.

"ಹತ್ತತೈತ್ರಿ!" ಇಡೀ ತರಗತಿ ಒಂದೇ ದನಿಯಲ್ಲಿ. ಯಾಕೆ? "ಕಬ್ಬಿಣ ಐತಲ್ರಿ ಮೇಡಂ!" ಎರಡು ವಾರಗಳ ಹಿಂದೆ ಘಟಕ ಧಾತುಗಳ ಗುಣಕ್ಕಿಂತ ಸಂಪೂರ್ಣ ಭಿನ್ನ ಎಂದು ಗಂಟೆ ಬಾರಿಸಿದ ಆರು ಮಂದಿಯೂ ಅದರಲ್ಲಿದ್ದರು. ಅವರಲ್ಲೊಬ್ಬನಿಗೆ ಆ ವಾಕ್ಯ ಹೇಳಲು ತಿಳಿಸಿದೆ. ತಪ್ಪಿಲ್ಲದೆ ಹೇಳಿದ. ಹಾಗಾದರೆ ಈ ಕಲ್ಲಿಗೆ ಅಯಸ್ಕಾಂತ? "ಹತ್ತತೈತ್ರಿ" ಎಂದ, ಅಷ್ಟೇ ಧೈರ್ಯವಾಗಿ. ವಾಕ್ಯಕ್ಕೂ ಕಲ್ಲಿಗೂ ಏನಾದರೂ ಸಂಬಂಧವಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅಯಸ್ಕಾಂತ ಹಿಡಿದೆವು, ಅಂಟಲಿಲ್ಲ. ಎಲ್ಲರೂ ಮಿಕಿಮಿಕಿ ನೋಡುತ್ತಿದ್ದಾಗ ಕಿಟಕಿ ಬದಿಯ ಹುಡುಗಿಯೊಬ್ಬಳು, ನಾನು ಆರು ಜನರಲ್ಲಿ ಸೇರಿಸದೆ ಬಿಟ್ಟವಳು, ಕೈ ಎತ್ತದೆಯೇ ಹೇಳಿದಳು: "ಹಿಟ್ಟು ರೊಟ್ಟಿ ಆದ ಮ್ಯಾಲ ಮತ್ತ ಹಿಟ್ಟಾಗಿ ಸಿಗ್ತೈತೇನ್ರಿ? ಕಬ್ಬಿಣನೂ ಹಂಗ ಆಗಿರ್ಬೇಕ್ರಿ." ರಸಾಯನಶಾಸ್ತ್ರದ ದೃಷ್ಟಿಯಿಂದ ಈ ಹೋಲಿಕೆಯಲ್ಲಿ ಕೊರತೆಗಳಿವೆ, ರೊಟ್ಟಿ ಸಂಯುಕ್ತವಲ್ಲ. ಆದರೆ ಆ ಮಾತು ಅವಳದು. ಇಡೀ ಘಟಕದಲ್ಲಿ ನನ್ನ ಕಿವಿಗೆ ಬಿದ್ದ, ನಾನು ಹೇಳಿಕೊಡದ ಮೊದಲ ಉತ್ತರ ಅದು.

ಅವತ್ತು ಸಂಜೆ ನನ್ನನ್ನು ಹೆಚ್ಚು ಕಾಡಿದ್ದು ಮಕ್ಕಳ ತಪ್ಪಲ್ಲ, ನಾನು ಕಸದ ಡಬ್ಬಿಗೆ ಹಾಕಿದ ಚೂರುಗಳು. ಅಯಸ್ಕಾಂತಕ್ಕೆ ಅಂಟಿದ ಆ ಚೂರುಗಳೇ ನಿಜವಾದ ಪಾಠವಾಗಿದ್ದವು. ಒಂದೇ ಗಟ್ಟಿಯ ಒಂದು ಚೂರು ಅಂಟುತ್ತದೆ, ಇನ್ನೊಂದು ಅಂಟುವುದಿಲ್ಲ, ಏಕೆ ಎಂದು ಕೇಳಿದ್ದರೆ ಮಿಶ್ರಣ ಯಾವುದು ಸಂಯುಕ್ತ ಯಾವುದು ಎಂಬುದನ್ನು ಅವರೇ ಬೇರ್ಪಡಿಸುತ್ತಿದ್ದರು. ಪಾಠ ಸೊಗಸಾಗಿ ಕಾಣಲೆಂದು ಅದರ ತಿರುಳನ್ನೇ ತೆಗೆದು ಎಸೆದಿದ್ದೆ.

ಫ್ರೋಬಿಷರ್ ಎಂಬ ಇಂಗ್ಲಿಷ್ ನಾವಿಕನ ಕಥೆಯನ್ನು ಇದಾದ ಮೇಲೆ ಓದಿದೆ. 1576ರಲ್ಲಿ ಅವನು ಇಂದಿನ ಕೆನಡಾದ ಉತ್ತರಕ್ಕಿರುವ ಬ್ಯಾಫಿನ್ ದ್ವೀಪದ ಕಡೆಯಿಂದ ಒಂದು ಕಪ್ಪು ಕಲ್ಲು ತಂದ. ಲಂಡನ್ನಿನಲ್ಲಿ ಮೊದಲು ಪರೀಕ್ಷಿಸಿದವರು ಇದರಲ್ಲಿ ಚಿನ್ನವಿಲ್ಲ ಎಂದರು. ಅಗ್ನೆಲ್ಲೊ ಎಂಬ ಇಟಲಿಯವನೊಬ್ಬ ಮಾತ್ರ ಚಿನ್ನ ತೆಗೆದು ತೋರಿಸಿದ. ಉಳಿದವರಿಗೆ ಸಿಗದ್ದು ನಿನಗೆ ಹೇಗೆ ಸಿಕ್ಕಿತು ಎಂದು ಕೇಳಿದಾಗ, ನಿಸರ್ಗವನ್ನು ಪುಸಲಾಯಿಸುವುದು ಗೊತ್ತಿರಬೇಕು ಎಂಬ ಅರ್ಥದ ಉತ್ತರ ಕೊಟ್ಟನಂತೆ. ಕೇಳುವವರಿಗೆ ಬೇಕಾಗಿದ್ದದ್ದೂ ಅದೇ ಉತ್ತರ. ಮುಂದಿನ ಎರಡು ವರ್ಷ ಮತ್ತೆ ಹಡಗುಗಳು ಹೋದವು. 1578ರ ಯಾತ್ರೆಯೊಂದರಲ್ಲೇ ಸಾವಿರ ಟನ್ನಿಗೂ ಮೀರಿ ಕಲ್ಲು ಬಂತು. ಕರಗಿಸಿ ನೋಡಿದರೆ ಏನೂ ಇಲ್ಲ. ಹಣ ಹಾಕಿದವರು ಮುಳುಗಿದರು. ಆ ಕಲ್ಲುಗಳು ಕೊನೆಗೆ ರಸ್ತೆಗೆ, ಗೋಡೆಗೆ ಬಳಕೆಯಾದವು. ಅಂಟದ ಚೂರುಗಳನ್ನಷ್ಟೇ ಆರಿಸಿಟ್ಟುಕೊಂಡಾಗ ನಾನು ಮಾಡಿದ್ದೂ ಪುಸಲಾಯಿಸುವ ಕೆಲಸವೇ. ಸುಳ್ಳು ಹೇಳಲಿಲ್ಲ, ತೋರಿಸಿದ ಚೂರು ನಿಜವಾಗಿಯೂ ಅಂಟುತ್ತಿರಲಿಲ್ಲ. ಆದರೂ ಮೋಸವೇ.

ಈ ಮಾತನ್ನು ವಸತಿಗೃಹದಲ್ಲಿ ಆಡಿದಾಗ ಗೆಳತಿಯರು ಸುಮ್ಮನಿರಲಿಲ್ಲ. ಅವರ ವಾದದಲ್ಲಿ ಎರಡು ಅಂಶಗಳಿಗೆ ನಾನು ಉತ್ತರ ಕೊಡಲೇಬೇಕು. ಒಂದು: "ಕಲಿಯುವುದೇ ನಕಲಿನಿಂದಲ್ಲವೇ? ಸೂಕ್ಷ್ಮ ಬೋಧನೆಯಲ್ಲಿ ಮಾರ್ಗದರ್ಶಕರು ಮಾಡಿ ತೋರಿಸಿದ್ದನ್ನೇ ಅಲ್ಲವೇ ನಾವು ಮಾಡುವುದು?" ಹೌದು. ನನ್ನ ಹೈಸ್ಕೂಲಿನ ಗಣಿತ ಮೇಷ್ಟ್ರು ಸೀಮೆಸುಣ್ಣ ಹಿಡಿಯುತ್ತಿದ್ದ ರೀತಿ ನನಗೇ ಗೊತ್ತಿಲ್ಲದೆ ನನ್ನ ಕೈಗೆ ಬಂದಿದೆ. ಅದನ್ನು ಖೋಟಾ ಎನ್ನಲಾರೆ. ಇಲ್ಲಿ ಮಾಣಿಕ್ಯದ ಉದಾಹರಣೆ ನನ್ನ ನೆರವಿಗೆ ಬರುತ್ತದೆ. ಮಾಣಿಕ್ಯವೆಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದರಲ್ಲಿ ಒಂದಿಷ್ಟು ಕ್ರೋಮಿಯಂ ಸೇರಿ ಕೆಂಪು ಬಣ್ಣ. ಕೆಂಪು ಗಾಜನ್ನು ಸಾಣೆ ಹಿಡಿದು ಮಾಣಿಕ್ಯವೆಂದು ಮಾರುವುದು ಒಂದು ಬಗೆ. ಫ್ರಾನ್ಸಿನ ವೆರ್ನ್ಯೂಯ್ ಎಂಬ ರಸಾಯನವಿಜ್ಞಾನಿ 1902ರಲ್ಲಿ ಪ್ರಕಟಿಸಿದ ವಿಧಾನ ಇನ್ನೊಂದು ಬಗೆ: ಅಲ್ಯೂಮಿನಿಯಂ ಆಕ್ಸೈಡಿನ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಹನಿ ಹನಿಯಾಗಿ ಬೆಳೆಸಿದ ಹರಳು. ಇದು ಮನುಷ್ಯ ಮಾಡಿದ್ದು, ಆದರೂ ಒಳರಚನೆ ಮಾಣಿಕ್ಯದ್ದೇ, ಗಡಸುತನವೂ ಅದರದ್ದೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಳವಣಿಗೆಯ ಬಾಗಿದ ಗೆರೆಗಳಷ್ಟೇ ಇದರ ಹುಟ್ಟನ್ನು ಹೇಳುತ್ತವೆ. ಅದನ್ನು ಗಣಿಯಿಂದ ಬಂದದ್ದೆಂದು ಮಾರಿದರೆ ಮೋಸ. ಆದರೆ ಅದನ್ನು ಗಾಜಿನ ಸಾಲಿಗೆ ಸೇರಿಸುವುದೂ ಸರಿಯಲ್ಲ. ಒಳ್ಳೆಯ ಶಿಕ್ಷಕರನ್ನು ನೋಡಿ, ಅವರ ಪ್ರಶ್ನೆ ಕೇಳುವ ಕ್ರಮವನ್ನು ನನ್ನೊಳಗೆ ಹನಿ ಹನಿಯಾಗಿ ಬೆಳೆಸಿಕೊಂಡರೆ ನಾನು ಆ ಎರಡನೆಯ ಬಗೆಯವಳು. ಅವರ ದನಿಯ ಏರಿಳಿತವನ್ನಷ್ಟೇ ತೊಟ್ಟುಕೊಂಡರೆ ಗಾಜು. ನನ್ನ ವೀಕ್ಷಣಾ ಪಾಠ ಗಾಜಾಗಿತ್ತು.

ಎರಡನೆಯ ವಾದ ಇನ್ನೂ ಗಟ್ಟಿ. "ಅಂಕ ಕೊಡುವವರು ನೋಡುವುದು ಒಂದು ಅವಧಿ. ಆ ಒಂದು ಅವಧಿಯಲ್ಲಿ ತರಗತಿ ಮೌನವಾಗಿ ಕುಳಿತರೆ ನಿನ್ನ ಪ್ರಾಮಾಣಿಕತೆಯನ್ನು ಯಾರು ನೋಡುತ್ತಾರೆ?" ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಮೌಲ್ಯಮಾಪನದ ನಮೂನೆಯನ್ನು ತೆಗೆದು ನೋಡಿ: ಪೀಠಿಕೆ, ದನಿ, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ, ಸಮಯ ಪಾಲನೆ. ಎಲ್ಲವೂ ಬೇಕಾದವೇ, ಎಲ್ಲವೂ ಹೊರಗಿನಿಂದ ಕಾಣುವವೇ. ಅದಕ್ಕೇ ಸ್ಟೇಷನರಿ ಅಂಗಡಿಯಿಂದ ಕೊಂಡ ಚಾರ್ಟಿಗೂ ಮಗುವೊಂದು ತಪ್ಪು ತಪ್ಪಾಗಿ ಬಿಡಿಸಿದ ಚಿತ್ರಕ್ಕೂ ನಮ್ಮಲ್ಲಿ ಚಾರ್ಟೇ ಗೆಲ್ಲುತ್ತದೆ. ಪಾಠ ಯೋಜನೆಯ ಕೊನೆಯ ಆತ್ಮಾವಲೋಕನದ ಅಂಕಣವನ್ನಂತೂ ಕೇಳಬೇಡಿ. ಹಿಂದಿನ ಬ್ಯಾಚಿನ ದಾಖಲೆ ಪುಸ್ತಕದಿಂದ "ಪಾಠವು ಯಶಸ್ವಿಯಾಗಿ ನೆರವೇರಿತು, ಉದ್ದೇಶಗಳು ಈಡೇರಿದವು" ಎಂದು ಇಳಿಸಿಕೊಳ್ಳುತ್ತೇವೆ, ಕೆಲವು ಸಲ ಪಾಠಕ್ಕೂ ಮುಂಚೆಯೇ!

ನಮ್ಮೂರಿನ ಪತ್ತಾರರು ಒಡವೆಯನ್ನು ಹೇಗೆ ನೋಡುತ್ತಾರೆಂದು ಚಿಕ್ಕಂದಿನಿಂದ ಕಂಡಿದ್ದೇನೆ. ಒರೆಗಲ್ಲಿನ ಮೇಲೆ ಒಡವೆಯನ್ನು ಒಂದು ಗೀಟು ಎಳೆಯುತ್ತಾರೆ, ಪಕ್ಕದಲ್ಲಿ ಗುಣ ಗೊತ್ತಿರುವ ಚಿನ್ನದ ಗೀಟು ಎಳೆಯುತ್ತಾರೆ, ಮೇಲೆ ಆ್ಯಸಿಡ್ ಹಚ್ಚುತ್ತಾರೆ. ಯಾವ ಗೀಟು ಎಷ್ಟು ಮಾಸಿತು ಎಂಬುದರ ಮೇಲೆ ತೀರ್ಮಾನ. ಒಡವೆ ಒಂದು ಕೂದಲಿನಷ್ಟು ಸವೆಯುತ್ತದೆ, ಕೊಟ್ಟವರ ಮುಖ ಒಂದು ಗಳಿಗೆ ಬಾಡುತ್ತದೆ, ಅಷ್ಟೇ. ಈಗ 916 ಎಂಬ ಹಾಲ್‌ಮಾರ್ಕ್ ಮುದ್ರೆ, ಆರು ಅಕ್ಷರಾಂಕಿಗಳ ಗುರುತು ಎಲ್ಲ ಬಂದಿವೆ. ಆ ಮುದ್ರೆಯ ಹಿಂದೆಯೂ ಪರೀಕ್ಷಾ ಕೇಂದ್ರದಲ್ಲಿ ಒಡವೆಯನ್ನು ಮುಟ್ಟಿ ನೋಡಿದ ಒಂದು ಪರೀಕ್ಷೆ ಇರಲೇಬೇಕು. ಮುಟ್ಟದೆ ಮುದ್ರೆ ಒತ್ತಿದರೆ ಅದು ಬರೀ ಅಚ್ಚು.

ನಮ್ಮ ವೀಕ್ಷಣೆಯಲ್ಲಿ ಇಲ್ಲದಿರುವುದು ಆ ಒಂದು ಗೀಟು. ನಾನು ಕೇಳುತ್ತಿರುವುದು ದೊಡ್ಡ ಸುಧಾರಣೆಯೇನಲ್ಲ. ಪಾಠದ ಕೊನೆಯ ಐದು ನಿಮಿಷವನ್ನು ವೀಕ್ಷಕರು ತಮ್ಮ ಕೈಗೆ ತೆಗೆದುಕೊಳ್ಳಲಿ. ಕೈ ಎತ್ತದೆ ಕುಳಿತ ಇಬ್ಬರು ಮಕ್ಕಳನ್ನು ಅವರೇ ಆರಿಸಿ, ಪಾಠ ಯೋಜನೆಯಲ್ಲಿಲ್ಲದ ಒಂದು ಪ್ರಶ್ನೆ ಕೇಳಲಿ. ವಸ್ತುವೊಂದನ್ನು ಕೈಗಿಟ್ಟು ಕೇಳಿದರೆ ಇನ್ನೂ ಒಳ್ಳೆಯದು. ಸಾಧ್ಯವಾದರೆ ಎರಡು ವಾರ ಬಿಟ್ಟು ಅದೇ ತರಗತಿಗೆ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಹೋಗಿ ಅದೇ ಪರಿಕಲ್ಪನೆಯ ಮೇಲೆ ಒಂದು ಪ್ರಶ್ನೆ ಕೇಳಿ ಬರಲಿ. ಶಾಲಾ ಅನುಭವಕ್ಕೆಂದು ಇಪ್ಪತ್ತು ವಾರಗಳಿರುವಾಗ ಇದಕ್ಕೆ ಸಮಯವಿಲ್ಲ ಎಂದರೆ ನಾನು ನಂಬುವುದಿಲ್ಲ. ಆದರೆ ಒಂದು ಷರತ್ತು. ಮಕ್ಕಳು ಉತ್ತರಿಸದಿದ್ದರೆ ಪ್ರಶಿಕ್ಷಣಾರ್ಥಿಯ ಅಂಕ ಕಳೆಯಬಾರದು. ಏಕೆ ಉತ್ತರ ಬರಲಿಲ್ಲ, ಮುಂದೆ ಏನು ಮಾಡುತ್ತೀರಿ ಎಂದು ಕೇಳಿ, ಆ ಉತ್ತರಕ್ಕೆ ಅಂಕ ಕೊಡಬೇಕು. ಇಲ್ಲದಿದ್ದರೆ ನಾವು ಆ ಐದು ನಿಮಿಷಕ್ಕೂ ಮಕ್ಕಳನ್ನು ತಯಾರು ಮಾಡಿಬಿಡುತ್ತೇವೆ. ನಮ್ಮ ಜಾಣತನದ ಬಗ್ಗೆ ನನಗೆ ಸಂಶಯವಿಲ್ಲ.

ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾಗುತ್ತದೆ. ಹೊಳೆಯುವುದನ್ನೆಲ್ಲ ಎಸೆಯಬೇಕು ಎಂದು ನಾನು ಹೇಳುತ್ತಿಲ್ಲ. ಹಟ್ಟಿಯ ಅದಿರಿನಲ್ಲಿ ಪೈರೈಟ್ ಮತ್ತು ಅದರ ನೆಂಟನಾದ ಆರ್ಸೆನೋಪೈರೈಟ್‌ಗಳ ಜೊತೆಜೊತೆಗೇ ಚಿನ್ನ ಇರುತ್ತದೆ. ಅಮೆರಿಕದ ನೆವಾಡಾದ ಕಾರ್ಲಿನ್ ಎಂಬಲ್ಲಿ ಚಿನ್ನ ಅಡಗಿರುವುದೇ ಪೈರೈಟಿನ ಕಣಗಳೊಳಗೆ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದಾಗಿ. ನಾನು ಹೇಳಿಕೊಟ್ಟ ಆರು ಮಕ್ಕಳಲ್ಲಿ ಒಬ್ಬ, ಮೂರು ಸಲ ವಾಕ್ಯ ಒಪ್ಪಿಸಿದವನು, ಪೈರೈಟಿನ ಪಾಠದ ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಬಂದು ನನ್ನ ಮುಂದೆ ನಿಂತ. "ಮೇಡಂ, ಹಂಗಾದ್ರ ಉಪ್ಪಿನಾಗ ಸೋಡಿಯಂ ಐತಂತ ಪುಸ್ತಕದಾಗ ಐತಲ್ರಿ. ಅದು ನೀರಾಗ ಹಾಕಿದ್ರ ಉರಿತೈತಂತ. ಉಪ್ಪು ಯಾಕ ಉರಿಯಂಗಿಲ್ರಿ?" ಆ ಕಂಠಪಾಠದ ವಾಕ್ಯ ಒಂದು ರಾತ್ರಿ ಅವನೊಳಗೆ ಏನೋ ಕೆಲಸ ಮಾಡಿತ್ತು.

ನನ್ನ ವೀಕ್ಷಣಾ ಪಾಠದ ದಾಖಲೆಯಲ್ಲಿ ಆತ್ಮಾವಲೋಕನದ ಅಂಕಣವನ್ನು ಹೊಡೆದುಹಾಕಿ ಹೊಸದಾಗಿ ಬರೆದೆ: ಆರಿಸಿಟ್ಟ ಚೂರುಗಳು, ಹೇಳಿಕೊಟ್ಟ ಉತ್ತರಗಳು, ಪೈರೈಟಿನ ದಿನ ನಡೆದದ್ದು. ಮಾರ್ಗದರ್ಶಕರು ಓದಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಂಕಗಳನ್ನು ತಿದ್ದಬೇಕೇನಮ್ಮಾ?" ಎಂದು ಕೇಳಿದರು. ತಿದ್ದಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ಸೋಮವಾರ ಬಿ ವಿಭಾಗಕ್ಕೆ ಅದೇ ಘಟಕ ಇದೆ. ಈ ಸಲ ಗಟ್ಟಿಯನ್ನು ತರಗತಿಯಲ್ಲೇ ಕಾಯಿಸುತ್ತೇನೆ, ಗಂಧಕದ ಹೊಗೆ ಹೋಗಲು ಕಿಟಕಿಗಳನ್ನೆಲ್ಲ ತೆರೆದಿಟ್ಟು. ಚೂರುಗಳನ್ನು ಮಕ್ಕಳೇ ಒಡೆಯುತ್ತಾರೆ. ಅವರು ನೋಡಲು ಬರುತ್ತೇನೆ ಎಂದಿದ್ದಾರೆ.